ಮಳೆಯನ್ನು ಎಣಿಸುವ ಬಟ್ಟಲು

ಮುಂಗಾರು ಹಿಂದೆ ಸರಿದು ಹಿಂಗಾರು ಕಾಲಿಡುವ ದಿನಗಳಲ್ಲಿ ಒಂದು ಸಂಜೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರ ಟೀ ಅಂಗಡಿಯ ಮುಂದೆ ನಿಂತು ನೋಡಿ. ತೂಬಗೆರೆ ಕಡೆಯ ಬಸ್ಸಿನಿಂದ ಇಳಿದವರು ಟವಲಿನಲ್ಲಿ ತಲೆ ಒರೆಸಿಕೊಳ್ಳುತ್ತಿರುತ್ತಾರೆ. ಸಾಸಲು ಕಡೆಯಿಂದ ಬಂದವರ ಚಪ್ಪಲಿಯ ಮೇಲೆ ಧೂಳು ಹಾಗೇ ಇರುತ್ತದೆ. ಎರಡೂ ಒಂದೇ ತಾಲ್ಲೂಕಿನ ಹೋಬಳಿಗಳು. ಒಂದು ಕಡೆ ರಾಗಿ ಹೊಲದ ಬದು ಒಡೆಯುವಂಥ ಮಳೆ, ಇನ್ನೊಂದು ಕಡೆ ಮೋಡ ಮುಖ ತೋರಿಸಿ ಹೋದದ್ದಷ್ಟೇ.

ಅಂಥದ್ದೊಂದು ಮಳೆಯ ಮಾರನೆಯ ಬೆಳಿಗ್ಗೆ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಪತ್ರಿಕೆ ಮಡಚಿಟ್ಟು ನನ್ನ ಕಡೆ ತಿರುಗಿದರು. “ನೆನ್ನೆ ಸಾಯಂಕಾಲ ನಮ್ಮೂರಲ್ಲಿ ಕೆರೆಗೆ ನೀರು ಬರೋ ಹಂಗೆ ಹುಯ್ತು. ಇಲ್ಲಿ ನೋಡಿದ್ರೆ ಚೂರು ಮಳೆ ಅಂತ ಹಾಕವ್ರೆ. ಇವರು ಎಲ್ಲಿ ನಿಂತ್ಕಂಡು ಅಳೀತಾರೆ ಸಾ?”

ಪ್ರಶ್ನೆ ಬಹಳ ಸರಿಯಾದದ್ದು. ನಾವೆಲ್ಲ ಮಳೆಯ ಅಂಕಿಗಳನ್ನು ದಿನವೂ ಓದುತ್ತೇವೆ. 12 ಮಿ.ಮೀ., 48 ಮಿ.ಮೀ., ವಾಡಿಕೆಗಿಂತ ಇಷ್ಟು ಕಡಿಮೆ, ಅಷ್ಟು ಹೆಚ್ಚು. ಆ ಅಂಕಿ ಹುಟ್ಟುವುದು ಎಲ್ಲಿ, ಹೇಗೆ ಎಂದು ಕೇಳುವವರು ಕಡಿಮೆ. ಈ ಅಧ್ಯಾಯ ಅದರ ಬಗ್ಗೆಯೇ. ಬಯಲಿನಲ್ಲಿ ಬಿಸಿಲು, ಗಾಳಿ, ಗುಡುಗಿಗೆ ಮೈಯೊಡ್ಡಿ ನಿಲ್ಲುವ ಒಂದು ಸಂವೇದಕವನ್ನು ಹೇಗೆ ಕಟ್ಟುತ್ತಾರೆ, ಅದು ಯಾವಾಗ ನಿಜ ಹೇಳುತ್ತದೆ, ಯಾವಾಗ ತಪ್ಪುತ್ತದೆ ಎಂದು ನೋಡೋಣ.

ಹಿರಿಯರ ಪ್ರಶ್ನೆಯ ಒಂದು ಸಣ್ಣ ಗಂಟನ್ನು ಮೊದಲೇ ಬಿಡಿಸಿಬಿಡುತ್ತೇನೆ. ಹವಾಮಾನ ಇಲಾಖೆಯ ದಿನ ಶುರುವಾಗುವುದು ಮಧ್ಯರಾತ್ರಿಗಲ್ಲ, ಬೆಳಿಗ್ಗೆ 8.30ಕ್ಕೆ. ಮಂಗಳವಾರ ಸಂಜೆ ಬಂದ ಮಳೆಯನ್ನು ಬುಧವಾರ ಬೆಳಿಗ್ಗೆ 8.30ಕ್ಕೆ ಅಳೆದು ಬುಧವಾರದ ಲೆಕ್ಕಕ್ಕೆ ಬರೆಯುತ್ತಾರೆ. ಬುಧವಾರದ ಪತ್ರಿಕೆ ಅಚ್ಚಾಗುವ ಹೊತ್ತಿಗೆ ಆ ಅಳತೆ ಇನ್ನೂ ಆಗಿಯೇ ಇರುವುದಿಲ್ಲ. ಎಷ್ಟೋ ಜಗಳಗಳು ಇಷ್ಟಕ್ಕೇ ಮುಗಿಯುತ್ತವೆ. ಉಳಿದವು ಮುಗಿಯಲು ಅಳೆಯುವ ಸಾಧನದ ಒಳಗೆ ಇಣುಕಬೇಕು.

ಹದಮಳೆಯೂ ಮಿಲಿಮೀಟರೂ

ನಮ್ಮ ರೈತರಿಗೆ ಮಳೆ ಅಳೆಯುವುದು ಹೊಸದಲ್ಲ. ಒಂದು ಹದ ಮಳೆ, ಅರ್ಧ ಹದ ಎನ್ನುವುದು ಅವರ ಮಾಪನ. ಮಣ್ಣು ನೇಗಿಲಿಗೆ ಒಗ್ಗುವಷ್ಟು ಒದ್ದೆಯಾಯಿತೇ ಎಂದು ಕೈಯಿಂದ ಬಗೆದು ನೋಡಿ ಹೇಳುವ ಮಾತು ಅದು. ನಿಜ ಹೇಳಬೇಕೆಂದರೆ ಅದು ಮಳೆಯ ಅಳತೆಯಲ್ಲ, ಮಳೆ ಮಣ್ಣಿಗೆ ಏನು ಮಾಡಿತು ಎಂಬುದರ ಅಳತೆ. ಬಿತ್ತುವವನಿಗೆ ಬೇಕಾದದ್ದೂ ಅದೇ. ಆದರೆ ಸಾಸಲಿನ ಕೆಂಪು ಮಣ್ಣಿನ ಹದವನ್ನೂ ಇನ್ನೊಂದು ಊರಿನ ಎರೆಮಣ್ಣಿನ ಹದವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಲಾಗುವುದಿಲ್ಲ. ಮಣ್ಣನ್ನು ಬದಿಗಿಟ್ಟು ನೀರನ್ನಷ್ಟೇ ಅಳೆಯುವ ಲೆಕ್ಕ ಬೇಕಾದದ್ದು ಅದಕ್ಕೇ.

ಮಿಲಿಮೀಟರು ಎಂದರೆ ಇಷ್ಟೇ: ಬಿದ್ದ ನೀರು ಹರಿಯದೆ, ಇಂಗದೆ, ಆರದೆ ಬಿದ್ದಲ್ಲೇ ನಿಂತಿದ್ದರೆ ಎಷ್ಟು ಎತ್ತರಕ್ಕೆ ನಿಲ್ಲುತ್ತಿತ್ತು ಎಂಬುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಸರಿಯಾಗಿ ಒಂದು ಲೀಟರ್. ಒಂದು ಎಕರೆಗೆ ಅದು ನಾಲ್ಕು ಸಾವಿರ ಲೀಟರ್ ಚಿಲ್ಲರೆ, ಅಂದರೆ ಬೇಸಿಗೆಯಲ್ಲಿ ಮನೆ ಬಾಗಿಲಿಗೆ ಬರುವ ಸಣ್ಣ ಟ್ಯಾಂಕರಿನಷ್ಟು. ಪತ್ರಿಕೆಯಲ್ಲಿ 20 ಮಿ.ಮೀ. ಎಂದು ಓದಿದರೆ ನಿಮ್ಮ ಎಕರೆ ಹೊಲಕ್ಕೆ 20 ಟ್ಯಾಂಕರ್ ನೀರು ಬಿಟ್ಟಿಯಾಗಿ ಬಂತು ಎಂದು ತಿಳಿಯಬಹುದು. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿ.ಮೀ. ಎಕರೆಗೆ 800 ಟ್ಯಾಂಕರ್ ನೀರು! ಬೋರ್‌ವೆಲ್ ಸಾವಿರ ಅಡಿ ದಾಟಿದ ನೆಲದಲ್ಲಿ ನಿಂತು ಈ ಲೆಕ್ಕ ಹಾಕಿದಾಗ ಎದೆಯಲ್ಲಿ ಏನೋ ಅಲುಗುತ್ತದೆ.

ನೆಟ್ಟಗಿನ ಗೋಡೆಯ ಪಾತ್ರೆಯೊಂದನ್ನು ಬಯಲಲ್ಲಿಟ್ಟು ನಿಂತ ನೀರಿನ ಎತ್ತರ ನೋಡಿದರೆ ಮಳೆ ಅಳೆದಂತೆಯೇ. ಕೌಟಿಲ್ಯನ ಅರ್ಥಶಾಸ್ತ್ರ ಮಾಡಿದ್ದೂ ಅದನ್ನೇ. ಕೋಷ್ಠಾಗಾರದಲ್ಲಿ, ಅಂದರೆ ಉಗ್ರಾಣದಲ್ಲಿ, ಒಂದು ಮೊಳ ಅಗಲದ ಪಾತ್ರೆ ಇಟ್ಟು ಮಳೆ ಅಳೆಯಬೇಕೆಂದು ಅದು ಹೇಳುತ್ತದೆ. ಯಾವ ಸೀಮೆಗೆ ಎಷ್ಟು ದ್ರೋಣ ಮಳೆ ಎಂದೂ ಬರೆಯುತ್ತದೆ. ಕಾಳಿನ ಲೆಕ್ಕ ಇಡುವ ಕಡೆಯೇ ಮಳೆಯ ಲೆಕ್ಕವನ್ನೂ ಇಟ್ಟದ್ದು ನನಗೆ ಬಹಳ ಹಿಡಿಸಿದ ಸಂಗತಿ. ಕೊರಿಯಾದಲ್ಲಿ 1440ರ ದಶಕದಲ್ಲಿ ಸೆಜಾಂಗ್ ಅರಸ ಒಂದೇ ಅಳತೆಯ ಪಾತ್ರೆಗಳನ್ನು ಊರೂರಿಗೆ ಕಳಿಸಿದ. ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿರುವ ಸೈಮನ್ಸ್ ಮಾದರಿಯ ಕೈಮಾಪಕ ಇದೇ ವಂಶದ್ದು. ಬೆಳಿಗ್ಗೆ ಒಬ್ಬರು ಹೋಗಿ ಗಾಜಿನ ಅಳತೆ ಲೋಟಕ್ಕೆ ನೀರು ಸುರಿದು ಓದಿ ಬರೆದುಕೊಳ್ಳುತ್ತಾರೆ.

ಒಂದಗುಳು ಸಾಲದು

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು. ಪಾತ್ರೆಯೊಳಗೆ ನೀರು ಕುದಿದು ಎಲ್ಲ ಅಗುಳನ್ನೂ ಒಂದೇ ಸಮನೆ ಬೇಯಿಸಿರುತ್ತದೆ. ಮಳೆ ಹಾಗಲ್ಲ. ನಮ್ಮ ಕಡೆಯ ಗುಡುಗು ಮಳೆ ಸುರಿಸುವ ಒಂದೊಂದು ಮೋಡರಾಶಿಯ ಅಡ್ಡಗಲ ಕೆಲವೇ ಕಿಲೋಮೀಟರು, ಆಯುಸ್ಸು ಹೆಚ್ಚೂಕಡಿಮೆ ಒಂದು ಗಂಟೆ. ಅದು ತೂಬಗೆರೆಯ ಮೇಲೆ ಬರಿದಾದರೆ ಸಾಸಲಿನವರ ಪಾಲಿಗೆ ತಣ್ಣನೆಯ ಗಾಳಿ ಮಾತ್ರ. ತಾಲ್ಲೂಕು ಕೇಂದ್ರದಲ್ಲಿ ಒಂದೇ ಮಾಪಕ ಇದ್ದ ಕಾಲದಲ್ಲಿ ಆ ಒಂದು ಅಗುಳಿನ ಮೇಲೆ ಇಡೀ ತಾಲ್ಲೂಕಿನ ಬರ ನಿರ್ಧಾರವಾಗುತ್ತಿತ್ತು.

ಕರ್ನಾಟಕ ಇದಕ್ಕೆ ಕಂಡುಕೊಂಡ ಉತ್ತರ ದೇಶಕ್ಕೇ ಮಾದರಿ. ಇಲ್ಲಿ 1988ರಲ್ಲಿ ಬರ ಉಸ್ತುವಾರಿ ಘಟಕ ಹುಟ್ಟಿತು. ಅಂಥದ್ದು ದೇಶದಲ್ಲಿ ಅದೇ ಮೊದಲು. 2007ರಲ್ಲಿ ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಯಲಹಂಕದಲ್ಲಿರುವ ಈ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿಗೊಂದರಂತೆ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ನೆಟ್ಟಿದೆ. ಬೆಳಿಗ್ಗೆ ಹೋಗಿ ಓದುವವರು ಅಲ್ಲಿ ಬೇಕಿಲ್ಲ. ಬಿಸಿಲಿನಿಂದ ವಿದ್ಯುತ್ ಪಡೆದು, ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ತಾನೇ ಯಲಹಂಕಕ್ಕೆ ವರದಿ ಒಪ್ಪಿಸುವ ಯಂತ್ರಗಳು ಅವು. ರೈತರು ಕರೆ ಮಾಡಿ ಕೇಳಲು ‘ವರುಣಮಿತ್ರ’ ಸಹಾಯವಾಣಿಯೂ ಇದೆ.

ಪಂಚಾಯಿತಿಗೊಂದು ಎಂದರೂ ಕಾವಲು ಕಾಯಬೇಕಾದ ನೆಲ ದೊಡ್ಡದು. 20 ಸೆಂ.ಮೀ. ಅಗಲದ ಬಾಯಿ ಇರುವ ಒಂದು ಮಾಪಕವು ಇಪ್ಪತ್ತು ಚದರ ಕಿ.ಮೀ. ಮೀರಿದ ನೆಲದ ಪರವಾಗಿ ಸಾಕ್ಷಿ ನುಡಿಯುತ್ತದೆ. ಅಂದರೆ ತನ್ನ ಬಾಯಿಗಿಂತ 60 ಕೋಟಿ ಪಟ್ಟಿಗಿಂತಲೂ ದೊಡ್ಡದಾದ ನೆಲ! ಇಷ್ಟು ದೊಡ್ಡ ಮಾತನ್ನು ಆಡುವ ಪುಟ್ಟ ಬಾಯಿಯೊಳಗೆ ನೀರಿಗೆ ಏನಾಗುತ್ತದೆ ಎಂಬುದೇ ಈ ಅಧ್ಯಾಯದ ತಿರುಳು.

ಕಣದಲ್ಲಿ ರಾಶಿ ಅಳೆದ ಹಾಗೆ

ಕಣದಲ್ಲಿ ರಾಗಿ ರಾಶಿ ಅಳೆಯುವುದನ್ನು ನೋಡಿದ್ದೀರಾ? ಕೊಳಗ ತುಂಬುತ್ತಾರೆ, ಸುರಿಯುತ್ತಾರೆ, ಎಣಿಸುತ್ತಾರೆ. ಒಂದು ಎನ್ನದೆ ‘ಲಾಭ’ ಎಂದು ಶುರುಮಾಡಿ ಎರಡು, ಮೂರು ಎಂದು ಮುಂದುವರಿಯುತ್ತಾರೆ. ರಾಶಿ ಎಷ್ಟೇ ದೊಡ್ಡದಿರಲಿ, ಅದನ್ನು ಅಳೆಯಲು ಅಷ್ಟೇ ದೊಡ್ಡ ಪಾತ್ರೆ ಬೇಕಿಲ್ಲ. ಸಣ್ಣ ಕೊಳಗ ಒಂದು, ತಪ್ಪದ ಎಣಿಕೆ ಒಂದು ಇದ್ದರೆ ಆಯಿತು. ಅಳೆಯುವ ಕೆಲಸ ಎಣಿಸುವ ಕೆಲಸವಾಗಿ ಬದಲಾಗಿಬಿಡುತ್ತದೆ.

ಪಂಚಾಯಿತಿ ಅಂಗಳದ ಮಳೆಮಾಪಕ ಮಾಡುವುದು ಇದೇ ಕೆಲಸವನ್ನು. ಮೇಲೆ ಒಂದು ಆಲಿಕೆ. ಬಿದ್ದ ಮಳೆ ಅದರ ಕಿರುಗೊಳವೆಯಿಂದ ಕೆಳಗೆ ತೊಟ್ಟಿಕ್ಕುತ್ತದೆ. ಕೆಳಗೆ ಬೆನ್ನಿಗೆ ಬೆನ್ನು ತಾಗಿಸಿ ಕೂರಿಸಿದ ಎರಡು ಪುಟ್ಟ ಬಟ್ಟಲುಗಳು, ನಡುವೆ ಒಂದು ಕೀಲು. ಮಕ್ಕಳು ಏರಿಳಿಯುವ ಆಟದ ಹಲಗೆಯಂತೆ ಒಂದು ಬಟ್ಟಲು ಮೇಲಿದ್ದರೆ ಇನ್ನೊಂದು ಕೆಳಗೆ. ಮೇಲಿರುವುದಕ್ಕೆ ನೀರು ತುಂಬುತ್ತದೆ. ಒಂದು ಹಂತದಲ್ಲಿ, ಕೊನೆಯ ಒಂದು ಹನಿ ಬಿದ್ದಾಗ, ಅದರ ಭಾರ ಕೀಲಿನ ಆಚೆಗೆ ವಾಲುತ್ತದೆ. ಬಟ್ಟಲು ‘ಟಕ್’ ಎಂದು ಮಗುಚಿಕೊಂಡು ನೀರು ಚೆಲ್ಲುತ್ತದೆ. ಅದು ಕೆಳಗಿಳಿದ ಕ್ಷಣವೇ ಜೋಡಿ ಬಟ್ಟಲು ಮೇಲೆದ್ದು ಕಿರುಗೊಳವೆಯ ಕೆಳಗೆ ಬಂದು ನಿಲ್ಲುತ್ತದೆ. ಅದು ತುಂಬಿ ಮಗುಚಿದರೆ ಮತ್ತೆ ಮೊದಲಿನದು. ಮಳೆ ಇರುವಷ್ಟು ಹೊತ್ತು ಈ ಟಕ್ ಟಕ್ ನಡೆದೇ ಇರುತ್ತದೆ.

ಇಂಗ್ಲಿಷಿನವರು ಟಿಪ್ಪಿಂಗ್ ಬಕೆಟ್ ಎನ್ನುವ ಇದನ್ನು ನಾವು ಮಗುಚು ಬಟ್ಟಲು ಎನ್ನೋಣ. ಲಂಡನ್ನಿನಲ್ಲಿ 1660ರ ದಶಕದಲ್ಲಿ ಕ್ರಿಸ್ಟೋಫರ್ ರೆನ್ ಮೊದಲು ಇಂಥದ್ದನ್ನು ಯೋಚಿಸಿದ. ರಾಬರ್ಟ್ ಹುಕ್ ಅದನ್ನು ಮುಂದುವರಿಸಿದ. ಮೂರೂವರೆ ಶತಮಾನ ಕಳೆದರೂ ಇದನ್ನು ಪೂರ್ತಿಯಾಗಿ ಮೂಲೆಗೆ ತಳ್ಳುವಂಥದ್ದು ಬಂದಿಲ್ಲ. ಕಾರಣ, ಇದರ ಸರಳತೆ. ನೀರಿನ ಭಾರವೇ ಯಂತ್ರವನ್ನು ನಡೆಸುತ್ತದೆ, ಹೊರಗಿನ ಶಕ್ತಿ ಬೇಡ. ತುಂಬಿದ ನೀರನ್ನು ಯಾರೂ ಹೋಗಿ ಚೆಲ್ಲಬೇಕಿಲ್ಲ, ಅದೇ ಚೆಲ್ಲಿಕೊಳ್ಳುತ್ತದೆ.

ಬಟ್ಟಲಿನ ಗಾತ್ರ ಎಷ್ಟಿರಬೇಕು? ಇದು ಕಟ್ಟುವವರ ಮೊದಲ ತೀರ್ಮಾನ. ಸಾಮಾನ್ಯವಾಗಿ ಒಂದು ಮಗುಚಿಗೆ 0.2 ಅಥವಾ 0.5 ಮಿ.ಮೀ. ಮಳೆ ಎಂದು ಇಟ್ಟುಕೊಳ್ಳುತ್ತಾರೆ. 20 ಸೆಂ.ಮೀ. ಅಗಲದ ಆಲಿಕೆಯಲ್ಲಿ 0.2 ಮಿ.ಮೀ. ಎಂದರೆ ಆರು ಮಿಲಿಲೀಟರ್ ಚಿಲ್ಲರೆ, ಅಂದರೆ ಟೀ ಚಮಚದಷ್ಟು ನೀರು ಮತ್ತೊಂದಿಷ್ಟು. ಬಟ್ಟಲು ತೀರಾ ಚಿಕ್ಕದಾದರೆ ಬಿರುಮಳೆಯಲ್ಲಿ ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದೆ ಮಗುಚುತ್ತದೆ. ತೀರಾ ದೊಡ್ಡದಾದರೆ ತುಂತುರು ಮಳೆಗೆ ತುಂಬುವುದೇ ಇಲ್ಲ. ಅರ್ಧ ತುಂಬಿದ ನೀರು ಮಾರನೆಯ ದಿನದ ಬಿಸಿಲಿಗೆ ಆರಿಹೋಗುತ್ತದೆ.

ಕೊಳಗದ ಹೋಲಿಕೆಯನ್ನು ಇನ್ನೂ ಸ್ವಲ್ಪ ಎಳೆಯಬಹುದು. ಕೊಳಗ ಎತ್ತಿ ಸುರಿಯುವ ಹೊತ್ತಿನಲ್ಲಿ ಯಾರಾದರೂ ಮೇಲಿನಿಂದ ರಾಗಿ ಹುಯ್ಯುತ್ತಲೇ ಇದ್ದರೆ? ಆ ಕಾಳು ಲೆಕ್ಕ ತಪ್ಪುತ್ತದೆ. ಬಟ್ಟಲು ಮಗುಚಲು ಹಿಡಿಯುವ ಅರ್ಧ ಸೆಕೆಂಡಿನಲ್ಲೂ ಮೇಲಿನಿಂದ ನೀರು ಬೀಳುತ್ತಲೇ ಇರುತ್ತದೆ, ಆಗಲೇ ತುಂಬಿದ ಬಟ್ಟಲಿಗೇ ಬಿದ್ದು ಪೋಲಾಗುತ್ತದೆ. ಸೋನೆ ಮಳೆಯಲ್ಲಿ ಇದು ಲೆಕ್ಕಕ್ಕಿಲ್ಲ. ಗಂಟೆಗೆ 120 ಮಿ.ಮೀ. ವೇಗದಲ್ಲಿ ಜಡಿಯುವಾಗ ಬಟ್ಟಲು ಆರು ಸೆಕೆಂಡಿಗೊಮ್ಮೆ ಮಗುಚಬೇಕು. ಆಗ ನೂರಕ್ಕೆ ಮೂರು ನಾಲ್ಕು ಪಾಲು ತಪ್ಪಿಹೋಗಬಹುದು. ಹಾಗಾಗಿ ಮಗುಚು ಬಟ್ಟಲು ಜೋರು ಮಳೆಯನ್ನು ಯಾವಾಗಲೂ ತುಸು ಕಡಿಮೆಯೇ ಹೇಳುತ್ತದೆ. ಕಟ್ಟುವವರು ಇದನ್ನು ಬಲ್ಲವರಾಗಿದ್ದರೆ ಲೆಕ್ಕದಲ್ಲಿ ಅಷ್ಟನ್ನು ಸೇರಿಸಿ ಸರಿಮಾಡುತ್ತಾರೆ.

ಇಷ್ಟಾದರೂ ಕೈಮಾಪಕಕ್ಕೆ ಇಲ್ಲದ ಒಂದು ದೊಡ್ಡ ಗುಣ ಇದಕ್ಕಿದೆ. ಕೈಮಾಪಕ ಬೆಳಿಗ್ಗೆ ‘50 ಮಿ.ಮೀ.’ ಎಂದಷ್ಟೇ ಹೇಳುತ್ತದೆ. ರಾತ್ರಿಯಿಡೀ ನಿಧಾನವಾಗಿ ಬಿದ್ದದ್ದೋ ಮುಕ್ಕಾಲು ಗಂಟೆಯಲ್ಲಿ ಸುರಿದು ಹೋದದ್ದೋ ಅದಕ್ಕೆ ಗೊತ್ತಿಲ್ಲ. ಮಗುಚು ಬಟ್ಟಲು ಪ್ರತಿ ಟಕ್‌ನ ಹೊತ್ತನ್ನೂ ದಾಖಲಿಸಬಲ್ಲದು. ನಿಧಾನದ ಮಳೆ ಇಂಗುತ್ತದೆ, ರಾಗಿ ಬೇರಿಗೆ ಸಿಗುತ್ತದೆ. ಅದೇ 50 ಮಿ.ಮೀ. ಒಮ್ಮೆಲೇ ಸುರಿದರೆ ನಮ್ಮ ಕೆಂಪು ಮಣ್ಣಿನ ಮೇಲೆ ಹೆಕ್ಕಳೆ ಕಟ್ಟಿ, ಮೇಲ್ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತದೆ. ಅಂಕಿ ಒಂದೇ, ಹೊಲದ ಪಾಡು ಬೇರೆ ಬೇರೆ.

ಕರೆದಾಗ ಏಳುವ ಕಾವಲುಗಾರ

ಬಟ್ಟಲು ಮಗುಚಿತು. ಅದನ್ನು ಎಣಿಸುವುದು ಯಾರು?

ಬಟ್ಟಲಿನ ಪಕ್ಕಕ್ಕೆ ಅಕ್ಕಿಕಾಳಿನಷ್ಟು ಅಯಸ್ಕಾಂತ ಅಂಟಿಸಿರುತ್ತಾರೆ. ಎದುರಿಗೆ ಒಂದು ಗಾಜಿನ ಕೊಳವೆ, ಅದರೊಳಗೆ ಒಂದಕ್ಕೊಂದು ತಾಗದಂತೆ ಇಟ್ಟ ಎರಡು ತೆಳು ಕಬ್ಬಿಣದ ನಾಲಗೆಗಳು. ಹಾರ್ಮೋನಿಯಂ ಒಳಗಿನ ನಾಲಗೆಗಳನ್ನು ನೆನಪಿಸಿಕೊಳ್ಳಿ, ಅವಕ್ಕಿಂತ ಸಪೂರ. ಅಯಸ್ಕಾಂತ ಹತ್ತಿರ ಹಾಯ್ದಾಗ ಎರಡೂ ನಾಲಗೆ ಸೆಳೆತಕ್ಕೆ ಸಿಕ್ಕಿ ಕ್ಷಣಕಾಲ ಕೂಡಿಕೊಳ್ಳುತ್ತವೆ, ವಿದ್ಯುತ್ತಿಗೆ ದಾರಿಯಾಗುತ್ತದೆ. ರೀಡ್ ಸ್ವಿಚ್ ಎಂಬ ಈ ನಾಲಗೆ ಸ್ವಿಚ್ಚು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕಡಲೆಕಾಯಿ ಪೊಟ್ಟಣದಷ್ಟು ಅಗ್ಗಕ್ಕೆ ಸಿಗುತ್ತದೆ. ಬಟ್ಟಲು ಕೀಲಿನ ಮೇಲೆ ಸಲೀಸಾಗಿ ಆಡುತ್ತದೆ, ಸ್ವಿಚ್ಚು ಅದನ್ನು ಮುಟ್ಟುವುದೇ ಇಲ್ಲ. ಮುಟ್ಟದೆ ತಿಳಿಯುವುದು ಸಂವೇದಕ ಕಟ್ಟುವವರ ದೊಡ್ಡ ಆಸೆ; ಮುಟ್ಟಿದರೆ ಅಳೆಯುವ ವಸ್ತುವೇ ಬದಲಾದೀತು.

ಆದರೆ ನಾಲಗೆ ಒಮ್ಮೆ ಕೂಡಿಕೊಂಡಾಗ ಕಂಚಿನ ತಾಳದಂತೆ ಅದುರುತ್ತದೆ. ಒಂದು ಮಗುಚಿಗೆ ಮೂರು ನಾಲ್ಕು ಸಲ ತಾಗಿ ಬಿಡುತ್ತದೆ. ಎಣಿಸುವ ಚಿಪ್ಪಿಗೆ ಇದನ್ನು ಹೇಳಿಕೊಡದಿದ್ದರೆ ಹದ ಮಳೆಯನ್ನು ಪ್ರಳಯವೆಂದು ಬರೆದುಕೊಳ್ಳುತ್ತದೆ. ಮದ್ದು ಸುಲಭ: ಒಂದು ಸಲ ಎಣಿಸಿದ ಮೇಲೆ ಸೆಕೆಂಡಿನ ಹತ್ತನೇ ಒಂದು ಪಾಲು ಕಿವಿ ಮುಚ್ಚಿಕೊ ಎಂದು ಹೇಳಿದರೆ ಸಾಕು. ನಿಜವಾದ ಎರಡು ಮಗುಚುಗಳು ಅಷ್ಟು ಬೇಗ ಬರಲಾರವು.

ಬಯಲಿನಲ್ಲಿ ಪ್ಲಗ್ ಚುಚ್ಚಲು ಗೋಡೆ ಇಲ್ಲ. ಸಾಮಾನ್ಯ ಎಣಿಕೆ ಚಿಪ್ಪೊಂದು ಸದಾ ಎಚ್ಚರವಾಗಿದ್ದರೆ ಟಾರ್ಚಿನ ಸೆಲ್ಲುಗಳು ಒಂದು ವಾರದೊಳಗೆ ಬರಿದಾಗುತ್ತವೆ. ಅದಕ್ಕೆ ಚಿಪ್ಪನ್ನು ಮಲಗಿಸುತ್ತಾರೆ. ಮಲಗಿದ ಚಿಪ್ಪು ಕುಡಿಯುವ ವಿದ್ಯುತ್ತು ಎಚ್ಚರದ್ದರ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಾಲಗೆ ಕೂಡಿದ ಸದ್ದಿಗೆ ಎದ್ದು, ಒಂದು ಗೆರೆ ಬರೆದು, ಮತ್ತೆ ಮಲಗುತ್ತದೆ. ತೋಟದ ಗುಡಿಸಲಲ್ಲಿ ನಾಯಿ ಬೊಗಳಿದಾಗ ಮಾತ್ರ ಏಳುವ ಕಾವಲುಗಾರನ ಹಾಗೆ. ಹೀಗೆ ಮಾಡಿದರೆ ಅದೇ ಸೆಲ್ಲು ವರ್ಷಗಟ್ಟಲೆ ಬಾಳುತ್ತದೆ. ಹೆಚ್ಚು ಹಸಿವಾಗುವುದು ಮೊಬೈಲ್ ಜಾಲಕ್ಕೆ ಸುದ್ದಿ ಕಳಿಸುವಾಗ. ಸೌರಫಲಕ, ದೊಡ್ಡ ಬ್ಯಾಟರಿ ಇರುವುದು ಆ ಕೆಲಸಕ್ಕೆ.

ಕಡಜ, ಜೇಡ, ನೀಲಗಿರಿ ಎಲೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಮೇಜಿನ ಮೇಲಿನ ಕೆಲಸ. ಅದು ಎರಡು ವಾರದಲ್ಲಿ ಮುಗಿಯುತ್ತದೆ. ಕಷ್ಟ ಶುರುವಾಗುವುದು ಬಯಲಿಗೆ ಹೋದ ಮೇಲೆ.

ದೊಡ್ಡಬಳ್ಳಾಪುರದ ಹತ್ತಿರ ಗೆಳೆಯರೊಬ್ಬರ ದ್ರಾಕ್ಷಿ ತೋಟದಲ್ಲಿ ನಾನು ಕೈಯಾರೆ ಕಟ್ಟಿದ ಮಾಪಕವೊಂದನ್ನು ನಿಲ್ಲಿಸಿದ್ದೆ. ಪಿವಿಸಿ ಕೊಳವೆಯ ಮೈ, ಆಲಿಕೆ, ಬಟ್ಟಲು ಎಲ್ಲ ಚೆನ್ನಾಗಿತ್ತು. ಪಕ್ಕದಲ್ಲೇ ಹೋಲಿಕೆಗೆಂದು ಒಂದು ಕೈಮಾಪಕ. ಒಂದು ರಾತ್ರಿ ಗುಡುಗಿನೊಂದಿಗೆ ಮಳೆ ಬಂತು. ಬೆಳಿಗ್ಗೆ ಕೈಮಾಪಕದಲ್ಲಿ ಎರಡು ಬೆರಳು ನೀರು, ನನ್ನ ಯಂತ್ರದಲ್ಲಿ ಸೊನ್ನೆ. ತಂತಿ ನೋಡಿದೆ, ಸೆಲ್ಲು ನೋಡಿದೆ, ಬಟ್ಟಲನ್ನು ಬೆರಳಿನಿಂದ ಮಗುಚಿದೆ, ಎಣಿಸಿತು. ಕೊನೆಗೆ ಆಲಿಕೆ ಬಿಚ್ಚಿ ಬೆಳಕಿಗೆ ಹಿಡಿದಾಗ ಕಿರುಗೊಳವೆಯಲ್ಲಿ ಬೆಳಕೇ ಬರಲಿಲ್ಲ. ಕಡಜವೊಂದು ಒದ್ದೆ ಮಣ್ಣು ತಂದು, ಬಾಯಿಂದ ಹದಮಾಡಿ, ಕಿರುಗೊಳವೆಯ ತುದಿಗೆ ನುಣ್ಣಗೆ ಗೂಡು ಕಟ್ಟಿ ಮುಚ್ಚಿಬಿಟ್ಟಿತ್ತು. ಮಳೆಯೆಲ್ಲ ಆಲಿಕೆಯಲ್ಲೇ ಕೆರೆಯಂತೆ ನಿಂತಿತ್ತು. ನನ್ನ ಗೆಳೆಯರ ತಾಯಿ ನೋಡಿ, “ನೆರಳು, ಇಕ್ಕಟ್ಟು, ಯಾರೂ ಬರಲ್ಲ, ಇನ್ನೇನು ಬೇಕಪ್ಪ ಅದಕ್ಕೆ? ಮೊದಲೇ ಒಂದು ಜಾಲರಿ ಹಾಕೋದಲ್ವಾ?” ಎಂದರು. ಆ ದಿನವೇ ಸ್ಟೀಲಿನ ಜಾಲರಿ ಹಾಕಿದೆ.

ಇಂಥದ್ದು ಒಂದೇ ಎರಡೇ. ಜೇಡ ಎರಡು ಬಟ್ಟಲಿನ ನಡುವೆ ಬಲೆ ಕಟ್ಟಿದರೆ ಬಟ್ಟಲು ಸರಾಗ ಮಗುಚದು. ಹಲ್ಲಿ ಬೆಚ್ಚಗಿದೆಯೆಂದು ಬ್ಯಾಟರಿ ಪೆಟ್ಟಿಗೆಯಲ್ಲಿ ಮೊಟ್ಟೆ ಇಡುತ್ತದೆ. ಇರುವೆ ಸಾಲು ತಂತಿಯ ಜಾಡು ಹಿಡಿದು ಒಳಗೆ ನುಗ್ಗುತ್ತದೆ. ಎತ್ತರದ ಕಂಬ ಕಂಡರೆ ಕಾಗೆ ಬಂದು ಅಂಚಿನ ಮೇಲೆ ಕೂರುತ್ತದೆ, ಆಲಿಕೆಯಲ್ಲಿ ಹಿಕ್ಕೆ. ನಮ್ಮ ಜಿಲ್ಲೆಯಲ್ಲಿ ನೀಲಗಿರಿ ತೋಪುಗಳಿಗೆ ಬರವಿಲ್ಲ. ಕತ್ತಿಯಂತೆ ಉದ್ದನೆಯ ಅದರ ಎಲೆ ಗಾಳಿಗೆ ಹಾರಿ ಬಂದು ಕಿರುಗೊಳವೆಯ ಬಾಯಿಗೆ ಸರಿಯಾಗಿ ಅಡ್ಡ ಕೂರುತ್ತದೆ. ಹೀಗೆ ಅರ್ಧ ಕಟ್ಟಿಕೊಂಡ ಆಲಿಕೆ ಪೂರ್ತಿ ಕಟ್ಟಿಕೊಂಡದ್ದಕ್ಕಿಂತ ಕೆಟ್ಟದ್ದು. ಸೊನ್ನೆ ಬಂದರೆ ಅನುಮಾನ ಹುಟ್ಟುತ್ತದೆ. ಅರ್ಧ ಕಟ್ಟಿದ್ದರೆ ಒಂದು ಗಂಟೆಯ ಬಿರುಮಳೆ ಐದು ಗಂಟೆಯ ಸೋನೆಯಾಗಿ ದಾಖಲಾಗುತ್ತದೆ, ನೋಡಿದವರಿಗೆ ನಿಜವೆಂದೇ ತೋರುತ್ತದೆ.

ಪಕ್ಕದ ತುಮಕೂರು ಜಿಲ್ಲೆಯಲ್ಲಿ ದೊಡ್ಡ ಪ್ರಯತ್ನವೊಂದು ನಡೆದಿತ್ತು. 2000ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೌಸಾನ್ ನಗರದ ಇಪಿಎಫ್‌ಎಲ್ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ ಹೊಲಗಳಲ್ಲಿ ತಂತಿಯಿಲ್ಲದ ಸಂವೇದಕಗಳ ಜಾಲ ಹೂಡಿದವು. ಕಾಮನ್-ಸೆನ್ಸ್ ನೆಟ್ ಎಂದು ಅದರ ಹೆಸರು. ಮಳೆಯಾಶ್ರಿತ ಬೇಸಾಯಗಾರರಿಗೆ ಮಣ್ಣಿನ ತೇವದ ಸುದ್ದಿ ಮುಟ್ಟಿಸುವುದು ಗುರಿ. ಮೊಬೈಲ್ ಫೋನೇ ಹಳ್ಳಿಗೆ ಹೊಸದಾಗಿದ್ದ ಕಾಲದಲ್ಲಿ ಇಂಥದ್ದನ್ನು ಕೈಗೆತ್ತಿಕೊಂಡವರ ಧೈರ್ಯ ಮೆಚ್ಚಬೇಕು. ಬಯಲಿನ ಕೆಲಸಕ್ಕೆ ಇಳಿದ ಯಾರಿಗಾದರೂ ಎದುರಾಗುವ ಪಾಠ ಒಂದೇ: ನೆಲಕ್ಕೆ ಹತ್ತಿರವಿಟ್ಟ ರೇಡಿಯೋದ ದನಿ ಬಿತ್ತನೆ ದಿನ ದೂರ ಕೇಳಿಸುತ್ತದೆ, ಬೆಳೆ ಎದೆಯುದ್ದ ಬೆಳೆದ ಮೇಲೆ ಎಲೆಗಳಲ್ಲಿರುವ ನೀರೇ ಅದನ್ನು ನುಂಗುತ್ತದೆ.

ಇನ್ನು ಗಾಳಿ. ಮಾಪಕವನ್ನು ಎತ್ತರಕ್ಕೆ ಏರಿಸಿದಷ್ಟೂ ಗಾಳಿ ಅದರ ಅಂಚಿಗೆ ಬಡಿದು ಮೇಲಕ್ಕೆ ಚಿಮ್ಮಿ, ಒಳಗೆ ಬೀಳಬೇಕಾದ ಹನಿಗಳನ್ನು ಆಚೆಗೆ ತಳ್ಳುತ್ತದೆ. ತಾರಸಿಯ ಮೇಲಿಟ್ಟ ಮಾಪಕ ಹೀಗೆ ಕಡಿಮೆ ಹೇಳುತ್ತದೆ. ಮರ, ಗೋಡೆಗಳ ಪಕ್ಕ ಇಟ್ಟರೆ ಅವೇ ಮಳೆಗೆ ಕೊಡೆ ಹಿಡಿಯುತ್ತವೆ. ಅಡ್ಡಿ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟಾದರೂ ದೂರ ಇಡಿ ಎಂಬುದು ರೂಢಿಯ ನಿಯಮ. ನಾಲ್ಕು ಪಟ್ಟಾದರೆ ಇನ್ನೂ ಒಳ್ಳೆಯದು.

ಸಲೈನ್ ಬಾಟಲಿಯ ಪರೀಕ್ಷೆ

ಸಂತೆಯ ತಕ್ಕಡಿಗೆ ಕಾಲಕಾಲಕ್ಕೆ ಇಲಾಖೆಯ ಮುದ್ರೆ ಬೀಳಬೇಕು. ಮಳೆಮಾಪಕಕ್ಕೂ ಅಂಥ ಪರೀಕ್ಷೆ ಬೇಕು. ಇದಕ್ಕೆ ನಾನು ಕಂಡ ಅತ್ಯಂತ ಅಚ್ಚುಕಟ್ಟಾದ ಸಲಕರಣೆ ಆಸ್ಪತ್ರೆಯ ಸಲೈನ್ ಬಾಟಲಿ. 500 ಮಿ.ಲೀ. ನೀರು ತುಂಬಿ ತಲೆಕೆಳಗಾಗಿ ತೂಗುಹಾಕಿ, ಕೊಳವೆಯ ಗಾಲಿ ತಿರುಗಿಸಿ, ಹನಿಹನಿಯಾಗಿ ಆಲಿಕೆಗೆ ಬಿಡಿ. 20 ಸೆಂ.ಮೀ. ಬಾಯಿಯ, 0.2 ಮಿ.ಮೀ. ಬಟ್ಟಲಿನ ಮಾಪಕವಾದರೆ ಬಾಟಲಿ ಖಾಲಿಯಾಗುವಷ್ಟರಲ್ಲಿ 80 ಸಲ ಮಗುಚಬೇಕು. 74 ಬಂದರೆ ಬಟ್ಟಲು ಹೆಚ್ಚು ನೀರು ಹಿಡಿಯುತ್ತಿದೆ ಎಂದರ್ಥ. ಅದು ಕೂರುವ ತಿರುಪನ್ನು ಕೂದಲೆಳೆಯಷ್ಟು ಮೇಲೆತ್ತಬೇಕು. 86 ಬಂದರೆ ಇಳಿಸಬೇಕು. ಆಮೇಲೆ ಗಾಲಿ ಪೂರ್ತಿ ಬಿಚ್ಚಿ ಅದೇ ನೀರನ್ನು ಹತ್ತು ನಿಮಿಷದಲ್ಲಿ ಹರಿಸಿ. ಎಣಿಕೆ ತುಸು ಇಳಿಯುತ್ತದೆ. ಬಿರುಮಳೆಯಲ್ಲಿ ಮಾಪಕ ಎಷ್ಟು ಕಳೆದುಕೊಳ್ಳುತ್ತದೆ ಎಂಬುದು ನಿಮ್ಮ ಕಣ್ಣೆದುರಿಗೇ ಗೊತ್ತಾಗುತ್ತದೆ. ಪ್ರೌಢಶಾಲೆಯ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು, ಮಾಡಲೇಬೇಕಾದ ಕೆಲಸ ಎಂದು ನನ್ನ ಅನಿಸಿಕೆ.

ಅರ್ಕಾವತಿಯ ಸಾಕ್ಷಿ

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ? ನಂದಿಬೆಟ್ಟದ ಕಡೆ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹಾಯ್ದು ಹೋಗುವ ಅರ್ಕಾವತಿಯನ್ನೇ ನೋಡಿ. 1890ರ ದಶಕದಲ್ಲಿ ಇದೇ ನದಿಯ ಹೆಸರಘಟ್ಟ ಕೆರೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಆಮೇಲೆ ನದಿ ಸೊರಗಿತು. ಯಾಕೆ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಬರುವ ಮಾತು: “ಮಳೆ ಎಲ್ಲಿ ಬರ್ತದೆ ಈಗ?”

ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತು ಸಂಗಡಿಗರು ಈ ಮಾತನ್ನೇ ಪರೀಕ್ಷೆಗೆ ಒಡ್ಡಿದರು. ಹಳೆಯ ಮಳೆ ದಾಖಲೆಗಳನ್ನು ಹುಡುಕಿ ತೆಗೆದರು, ಒಂದೊಂದೇ ಕಾರಣವನ್ನು ಎದುರಿಗಿಟ್ಟು ತೂಗಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನ ಕಂಡದ್ದು ಬೇರೆಯೇ. ನದಿ ಒಣಗುವುದಕ್ಕೆ ಮಳೆಯಲ್ಲಿ ಆದ ಬದಲಾವಣೆ ಕಾರಣವೆನ್ನಲು ಆಧಾರ ಸಿಗಲಿಲ್ಲ. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು ಮತ್ತು ಹೊಲಗಳ ಜಾಗಕ್ಕೆ ಬಂದ ನೀಲಗಿರಿ ನೆಡುತೋಪುಗಳು ಮುಖ್ಯ ಕಾರಣವಾಗಿ ಕಂಡವು; ಹಳ್ಳಗಳಿಗೆ ಅಡ್ಡ ಕಟ್ಟಿದ ಒಡ್ಡುಗಳ ಪಾಲು ಅದಕ್ಕಿಂತ ಸಣ್ಣದು. ಯಾರೋ ಪ್ರತಿದಿನ ಬೆಳಿಗ್ಗೆ ಪಾತ್ರೆಯ ನೀರು ಅಳೆದು ಬರೆದಿಟ್ಟದ್ದರಿಂದಲೇ ಮಳೆಯ ಮೇಲಿದ್ದ ಆರೋಪ ಬಿದ್ದುಹೋಯಿತು. ಬರೆದಿಡದೆ ಇದ್ದಿದ್ದರೆ ಇಂದಿಗೂ ಮೋಡದ ಕಡೆ ಬೆರಳು ತೋರಿಸುತ್ತ ಕೂತಿರುತ್ತಿದ್ದೆವು.

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ತೀರ್ಮಾನವಾಗುವುದೂ ಮಾಪಕದ ಅಂಕಿಯಿಂದಲೇ. ಕಿರುಗೊಳವೆಗೆ ಅಡ್ಡ ಕೂತ ಒಂದು ಎಲೆ ಒಂದು ಮನೆಯ ವರ್ಷದ ಅನ್ನಕ್ಕೆ ಅಡ್ಡ ಬರಬಹುದು.

ಮುಂದಿನ ಸಲ ಪಂಚಾಯಿತಿ ಕಚೇರಿಗೋ ಶಾಲೆಗೋ ಹೋದಾಗ ಅಂಗಳದಲ್ಲಿ ಸೌರಫಲಕ ಹೊತ್ತ ಆ ಸಣ್ಣ ಕಂಬವನ್ನು ಹುಡುಕಿ ನೋಡಿ. ಮೇಲೆ ಮರದ ಕೊಂಬೆ ಚಾಚಿದ್ದರೆ, ಫಲಕಕ್ಕೆ ಧೂಳು ಮೆತ್ತಿದ್ದರೆ, ಬೇಲಿಗೆ ಯಾರಾದರೂ ದನ ಕಟ್ಟಿದ್ದರೆ ಪಿಡಿಒ ಅವರಿಗೆ ತಿಳಿಸಿ. ಬಿಚ್ಚಿ ನೋಡಲು ಹೋಗಬೇಡಿ. ತಿರುಪು ಕೂದಲೆಳೆಯಷ್ಟು ಸರಿದರೂ ಲೆಕ್ಕ ತಪ್ಪುತ್ತದೆ. ನಿಮ್ಮ ಹೊಲದಲ್ಲೂ ನೆಟ್ಟಗಿನ ಗೋಡೆಯ ಡಬ್ಬಿಯೊಂದನ್ನು ಬಯಲಿಗಿಟ್ಟು, ಬೆಳಿಗ್ಗೆ 8.30ಕ್ಕೆ ಸ್ಕೇಲು ಇಳಿಸಿ ನೋಡಿ, ಮಗಳ ಹಳೆಯ ನೋಟ್‌ಪುಸ್ತಕದಲ್ಲಿ ತಾರೀಖಿನ ಜೊತೆ ಬರೆದಿಡಿ. ಮಳೆ ಬಾರದ ದಿನವೂ ಸೊನ್ನೆ ಎಂದು ಬರೆಯಿರಿ.